ಎಸ್.ಪಿ. ರಸ್ತೆಯಲ್ಲಿ ಸಿಕ್ಕ ಹಿರಿಯರಿಗೆ

ಅಪ್ಪ ಬಳಸುತ್ತಿದ್ದ ಐಪ್ಯಾಕ್ ಎಚ್3630 ಎಂಬ ಹಳೆಯ ಅಂಗೈ ಕಂಪ್ಯೂಟರ್ ಹಿಡಿದು, ಅದಕ್ಕೆ ಹೊಂದುವ ಸೀರಿಯಲ್ ಕೇಬಲ್ ಹುಡುಕುತ್ತಾ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದವನನ್ನು ನೀವೇ ಕರೆದು ಮಾತನಾಡಿಸಿದಿರಿ. ನಿಮ್ಮ ಹೆಸರು ಕೇಳದೆ ಬಂದೆನೆಂಬ ಕೊರಗು ಇಂದಿಗೂ ಇದೆ.

206 ಮೆಗಾಹರ್ಟ್ಸ್ ಪ್ರೊಸೆಸರ್, 32 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಷ್. ಇಷ್ಟರಲ್ಲೇ, ಅದರಲ್ಲಿದ್ದ ವಿಂಡೋಸ್ ಬದಲು, ಇಂಥ ಯಂತ್ರಗಳಿಗೆಂದೇ ಮಾಡಿದ ಫ್ಯಾಮಿಲಿಯರ್ ಲಿನಕ್ಸ್ ನಡೆಯುತ್ತದೆಂದು ಓದಿದ್ದೆ. ಆದರೆ ಬೂಟ್‌ಲೋಡರ್ (ಯಂತ್ರವನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ) ಬರೆಯುವ ನಡುವೆ ಬ್ಯಾಟರಿ ಕೈಕೊಟ್ಟರೆ ಅಪ್ಪನ ಯಂತ್ರ ಮತ್ತೆ ಏಳಲಿಕ್ಕಿಲ್ಲವೆಂಬ ಭಯ ಬಿಟ್ಟಿರಲಿಲ್ಲ. "ಮೊದಲು ಬೂಟ್‌ಬ್ಲಾಸ್ಟರ್ ಎಂಬ ತಂತ್ರಾಂಶದಿಂದ ಮೂಲ ವಿಂಡೋಸ್ ಸಿಇಯ ಪ್ರತಿ ತೆಗೆದಿಡಿ. ಚಾರ್ಜರ್‌ಗೆ ಹಾಕಿಯೇ ಬರೆಯಿರಿ. ಪರಿಶೀಲನೆ ಮುಗಿಯುವ ತನಕ ರೀಸೆಟ್ ಮುಟ್ಟಬೇಡಿ" ಎಂದು ನಿಧಾನವಾಗಿ, ಎರಡೆರಡು ಸಲ ಹೇಳಿದಿರಿ. ಅಷ್ಟು ತಾಳ್ಮೆಯಿಂದ ನನಗೆ ಯಾರೂ ಕಲಿಸಿರಲಿಲ್ಲ.

ಬೂಟ್‌ಲೋಡರ್ ಸಲೀಸಾಗಿ ಕೂತಿತು. ಆ ಕೇಬಲ್ ಮೂಲಕ ವೈಮೋಡೆಮ್ ಎಂಬ ವಿಧಾನದಲ್ಲಿ ಲಿನಕ್ಸ್ ಕಡತ ಕಳಿಸಲು ಹೋದರೆ ಎರಡು ಬಾರಿಯೂ ಶುರುವೇ ಆಗಲಿಲ್ಲ. ಆಗ ನೀವು ಚೀಟಿಯಲ್ಲಿ ಬರೆದುಕೊಟ್ಟದ್ದು ನೆನಪಾಯಿತು: ವೇಗ 115200, ಫ್ಲೋ ಕಂಟ್ರೋಲ್ ಬೇಡ. ಫ್ಲೋ ಕಂಟ್ರೋಲ್ ಆಯ್ಕೆ ತೆಗೆದೆ, ಕಡತ ಹರಿಯತೊಡಗಿತು. ಬಹಳ ಹೊತ್ತು ಹಿಡಿಯಿತು, ನಾನು ಕದಲಲಿಲ್ಲ. ಕೊನೆಗೆ ಆ ಪುಟ್ಟ ಪರದೆಯಲ್ಲಿ ಲಿನಕ್ಸ್‌ನ ಚಿತ್ರಮುಖ ಓಪಿ ತೆರೆದುಕೊಂಡಾಗ ಕಣ್ಣು ತುಂಬಿತು.

ಕೇಬಲ್‌ಗೆ ನೀವು ಹಣ ಮುಟ್ಟಲಿಲ್ಲ. ಅದನ್ನು ಜೋಪಾನವಾಗಿ ಇಟ್ಟಿದ್ದೇನೆ, ನಿಮ್ಮ ಚೀಟಿಯ ಜೊತೆಗೇ. ತುಂಬು ಹೃದಯದ ಧನ್ಯವಾದ, ಸರ್.