ವಿಜ್ಞಾನಿಗಳ ಪರಿಚಯ ಲೇಖನಗಳಲ್ಲಿ ಬಿಟ್ಟುಹೋಗುವ ವರ್ಷಗಳು

ಮಾನ್ಯ ಸಂಪಾದಕರೆ,

ಪ್ರತಿ ವರ್ಷ ಫೆಬ್ರುವರಿ 28ರಂದು, ರಾಷ್ಟ್ರೀಯ ವಿಜ್ಞಾನ ದಿನದ ನಿಮಿತ್ತ, ತಮ್ಮ ಪತ್ರಿಕೆ ವಿಜ್ಞಾನಿಗಳ ಪರಿಚಯಕ್ಕಾಗಿ ಒಂದು ಪುಟವನ್ನು ಮೀಸಲಿಡುತ್ತ ಬಂದಿದೆ. ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ನಾನು ಆ ಪುಟಗಳನ್ನು ಕತ್ತರಿಸಿ ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೆ; ಆ ಕೃತಜ್ಞತೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಆದರೆ ಆ ಲೇಖನಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಇಂಥ ಊರಿನಲ್ಲಿ ಹುಟ್ಟಿದರು, ಬಡತನದಲ್ಲಿ ಓದಿದರು, ಪ್ರಥಮ ಸ್ಥಾನ ಪಡೆದರು, ಇಂಥದ್ದನ್ನು ಕಂಡುಹಿಡಿದರು, ಇಂತಿಂಥ ಪ್ರಶಸ್ತಿಗಳು ಬಂದವು ಎಂಬಲ್ಲಿಗೆ ಲೇಖನ ಮುಗಿಯುತ್ತದೆ. ಓದು ಮುಗಿದ ವರ್ಷಕ್ಕೂ ಹೆಸರು ಬಂದ ವರ್ಷಕ್ಕೂ ನಡುವೆ ಇಪ್ಪತ್ತು ಮೂವತ್ತು ವರ್ಷಗಳ ಅಂತರವಿರುತ್ತದೆ. ಆ ಅವಧಿಯಲ್ಲಿ ಅವರು ಎಲ್ಲಿದ್ದರು, ಯಾವ ಬಾಗಿಲು ಮುಚ್ಚಿತು, ಯಾರು ಕೈಹಿಡಿದರು, ಯಾವ ವಿಷಯವನ್ನು ಬಿಟ್ಟು ಯಾವುದಕ್ಕೆ ಹೊರಳಬೇಕಾಯಿತು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

ಒಮ್ಮೆ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಆ ಫಲಕದ ಮುಂದೆ ಬಹಳ ಹೊತ್ತು ನಿಂತಿದ್ದು, ಕೊನೆಗೆ ನನ್ನ ಬಳಿ ಬಂದು, ‘ಮೇಡಂ, ಇವರಲ್ಲಿ ಯಾರಿಗೂ ಒಂದು ಸಲವೂ ಸೀಟು ತಪ್ಪಿಲ್ಲವೇ?’ ಎಂದು ಕೇಳಿದಳು. ಮರುದಿನ ನಾನು ತರಗತಿಯಲ್ಲಿ ಪಾಠ ಬದಿಗಿಟ್ಟು ಹವಾಮಾನ ವಿಜ್ಞಾನಿ ಅನ್ನಾ ಮಣಿ ಅವರ ವಿಷಯ ಹೇಳಿದೆ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನನ್ನ ಕೋರಿಕೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಅನ್ನಾ ಮಣಿ 1918ರಲ್ಲಿ ಅಂದಿನ ತಿರುವಾಂಕೂರು ಸಂಸ್ಥಾನದ ಪೀರ್‌ಮೇಡಿನಲ್ಲಿ, ಏಲಕ್ಕಿ ತೋಟಗಳಿದ್ದ ಅನುಕೂಲಸ್ಥ ಕುಟುಂಬದಲ್ಲಿ ಎಂಟು ಮಕ್ಕಳಲ್ಲಿ ಏಳನೆಯವರಾಗಿ ಹುಟ್ಟಿದರು. ಗಂಡುಮಕ್ಕಳಿಗೆ ಉನ್ನತ ಉದ್ಯೋಗ, ಹೆಣ್ಣುಮಕ್ಕಳಿಗೆ ಒಳ್ಳೆಯ ಮದುವೆ ಎಂಬುದು ಆ ಮನೆಯ ರೂಢಿ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ವಾಡಿಕೆಯಂತೆ ಕೊಡಲು ಬಂದ ವಜ್ರದ ಓಲೆಗಳನ್ನು ಬೇಡವೆಂದು ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದ ಹುಡುಗಿ ಆಕೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1939ರಲ್ಲಿ ಆನರ್ಸ್ ಪದವಿ ಮುಗಿಸಿ, ವಿದ್ಯಾರ್ಥಿವೇತನ ಪಡೆದು, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಸಂಸ್ಥೆಗೆ, ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ ಬಂದರು. ಅಲ್ಲಿ ಅವರಿಗೆ ಸಿಕ್ಕಿದ ಕೆಲಸ ವಜ್ರಗಳದ್ದೇ. ಬೆಳಕು ಬಿದ್ದಾಗ ವಜ್ರವು ತಾನಾಗಿ ಸೂಸುವ ಬೆಳಕು ಅತ್ಯಂತ ಕ್ಷೀಣವಾದದ್ದು. ಹರಳನ್ನು ದ್ರವರೂಪಕ್ಕಿಳಿಸಿದ ಗಾಳಿಯ ಕೊರೆಯುವ ತಂಪಿನಲ್ಲಿಟ್ಟು, ಕೆಲವೊಮ್ಮೆ ಹದಿನೈದು ಇಪ್ಪತ್ತು ಗಂಟೆ ಎಡೆಬಿಡದೆ ಛಾಯಾಫಲಕದ ಮೇಲೆ ಆ ಬೆಳಕನ್ನು ಬೀಳಿಸಿದರೆ ಮಾತ್ರ ಅದರ ರೋಹಿತ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನ ಪಟ್ಟಿ, ಮೂಡುತ್ತಿತ್ತು. ಹೀಗೆ ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಅವರು ಪರೀಕ್ಷಿಸಿದರು. ರಾತ್ರಿಯೆಲ್ಲ ಪ್ರಯೋಗಾಲಯದಲ್ಲೇ ಕಳೆದ ದಿನಗಳು ಎಷ್ಟೋ. 1942ರಿಂದ 1945ರ ನಡುವೆ ವಜ್ರ ಮತ್ತು ಮಾಣಿಕ್ಯಗಳ ಮೇಲೆ ಐದು ಸಂಶೋಧನಾ ಲೇಖನಗಳನ್ನು ತಮ್ಮೊಬ್ಬರ ಹೆಸರಿನಲ್ಲೇ ಪ್ರಕಟಿಸಿ, 1945ರ ಆಗಸ್ಟಿನಲ್ಲಿ ಪಿಎಚ್‌.ಡಿ. ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣ ಕೊಟ್ಟು ವಿಶ್ವವಿದ್ಯಾಲಯ ಡಾಕ್ಟರೇಟ್ ನಿರಾಕರಿಸಿತು. ಯಾವ ಆನರ್ಸ್ ಪದವಿಯ ಆಧಾರದ ಮೇಲೆ ಸಂಶೋಧನೆಗೆ ವಿದ್ಯಾರ್ಥಿವೇತನ ದೊರೆತಿತ್ತೋ, ಅದೇ ಪದವಿ ಡಾಕ್ಟರೇಟಿಗೆ ಸಾಲದಾಯಿತು. ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದುಕೊಂಡಿದೆ.

ಮುಂದೆ ನಡೆದದ್ದು ನನ್ನ ವಾದಕ್ಕೆ ಮುಖ್ಯವಾದದ್ದು. ಭೌತಶಾಸ್ತ್ರದಲ್ಲೇ ಮುಂದುವರಿಯಬೇಕೆಂದಿದ್ದ ಅವರಿಗೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರದಿಂದ ಸಿಕ್ಕಿದ್ದು ಹವಾಮಾನ ಉಪಕರಣಗಳ ಅಧ್ಯಯನಕ್ಕಿದ್ದ ವಿದ್ಯಾರ್ಥಿವೇತನ. ಆಗ ಇದ್ದದ್ದು ಅದೊಂದೇ. ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ಹೊರಟು ಲಂಡನ್ ತಲುಪಿ, ಆ ವಿದ್ಯೆ ಕಲಿತು, 1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿ, ಪುಣೆಯಲ್ಲಿ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು. ಅಲ್ಲಿಯವರೆಗೆ ನಮ್ಮಲ್ಲಿ ಸಾಮಾನ್ಯ ಉಷ್ಣಮಾಪಕ, ವಾಯುಭಾರಮಾಪಕಗಳು ಕೂಡ ಹೊರದೇಶದಿಂದ ಬರಬೇಕಿತ್ತು. ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಅವುಗಳನ್ನು ಇಲ್ಲಿಯೇ ತಯಾರಿಸುವಂತೆ ಮಾಡಿದವರು ಅವರು. 1953ರ ಹೊತ್ತಿಗೆ 121 ಮಂದಿ ಗಂಡಸರಿದ್ದ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದರು. ಹಲವು ದೇಶಗಳು ಕೂಡಿ ಭೂಮಿಯನ್ನು ಅಧ್ಯಯನ ಮಾಡಿದ 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದಲ್ಲಿ ಸೌರವಿಕಿರಣ ಅಳೆಯುವ ಕೇಂದ್ರಗಳ ಜಾಲ ರೂಪಿಸಿದರು. ಓಜೋನ್ ಅಳೆಯಲು ಬಲೂನಿನಲ್ಲಿ ಹಾರಿಬಿಡುವ ಉಪಕರಣವನ್ನು ಇಲ್ಲಿಯೇ ತಯಾರಿಸಿದರು. ಅಳತೆ ತಪ್ಪಾಗುವುದಕ್ಕಿಂತ ಅಳೆಯದೇ ಇರುವುದು ಮೇಲು ಎಂಬ ನಿಷ್ಠುರ ಅವರದ್ದು. ಹವಾಮಾನ ಇಲಾಖೆಯ ಉಪಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದ ಮೇಲೆ ಮೂರು ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕಿಯಾಗಿದ್ದರು. ಆಮೇಲೆ ಬೆಂಗಳೂರಿನಲ್ಲಿಯೇ ಗಾಳಿಯ ವೇಗ ಮತ್ತು ಬಿಸಿಲಿನ ಶಕ್ತಿಯನ್ನು ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯೊಂದನ್ನು ನಡೆಸಿದರು. ಇಂದು ಪಾವಗಡದ ಬಯಲಿನಲ್ಲಿ ಸೌರಫಲಕಗಳನ್ನೂ ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನೂ ನೋಡುವಾಗ, ಈ ದೇಶದಲ್ಲಿ ಬಿಸಿಲೆಷ್ಟು, ಗಾಳಿಯೆಷ್ಟು ಎಂದು ದಶಕಗಳ ಹಿಂದೆಯೇ ಅಳೆದು ಪುಸ್ತಕ ಮಾಡಿಟ್ಟ ಆ ಹೆಣ್ಣುಮಗಳು ನನಗೆ ನೆನಪಾಗುತ್ತಾರೆ.

ಪಿಎಚ್‌.ಡಿ. ನಿರಾಕರಣೆ ಮತ್ತು ಇದ್ದೊಂದೇ ವಿದ್ಯಾರ್ಥಿವೇತನ ಇವೆರಡನ್ನೂ ಬಿಟ್ಟು ಅನ್ನಾ ಮಣಿ ಅವರ ಸಾಧನೆಯನ್ನು ಬರೆದರೆ, ವಜ್ರದ ರೋಹಿತ ತೆಗೆಯುತ್ತಿದ್ದವರು ಮಳೆಮಾಪಕದ ನಕ್ಷೆಗೆ ಬಂದದ್ದೇಕೆ ಎಂಬುದಕ್ಕೆ ಉತ್ತರವೇ ಇರುವುದಿಲ್ಲ. ವಿಜ್ಞಾನಿಯ ಬದುಕಿನ ಕಥೆಯನ್ನು ಓದಿಗೆ ರುಚಿ ಬರಲೆಂದು ಹಾಕುವ ಒಗ್ಗರಣೆಯಂತೆ ಕಾಣುವ ಅಭ್ಯಾಸ ನಮ್ಮಲ್ಲಿದೆ. ಎಷ್ಟೋ ಸಲ ಒಂದು ಸಂಶೋಧನೆ ಹುಟ್ಟಿದ್ದಕ್ಕೆ ಕಾರಣವೇ ಆ ಬದುಕಿನಲ್ಲಿರುತ್ತದೆ.

ಸ್ವತಃ ರಾಮನ್ ಅವರ ಹಾದಿಯೂ ನೇರವಾದದ್ದಲ್ಲ. ಆರೋಗ್ಯ ಸಾಲದೆಂದು ವೈದ್ಯರು ಇಂಗ್ಲೆಂಡಿಗೆ ಹೋಗುವುದನ್ನು ತಡೆದದ್ದರಿಂದ, ಅವರು 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಹತ್ತು ವರ್ಷ ಹಗಲು ಸರ್ಕಾರದ ಲೆಕ್ಕಪತ್ರ ನೋಡುತ್ತ, ಬೆಳಗಿನ ಜಾವ ಮತ್ತು ಸಂಜೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ದುಡಿದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು. 1917ರಲ್ಲಿ ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗಾಗಿ ಆ ನೌಕರಿ ಬಿಟ್ಟರು. ವಿಜ್ಞಾನ ದಿನದಂದು ನಾವು ಸ್ಮರಿಸುವ 1928ರ ಶೋಧ, ರಾಮನ್ ಪರಿಣಾಮ, ನಡೆದದ್ದು ಆ ಸಂಘದ ಪ್ರಯೋಗಾಲಯದಲ್ಲಿಯೇ. ಆದರೆ ಇದೇ ರಾಮನ್, 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, ಬೊಂಬಾಯಿ ವಿಶ್ವವಿದ್ಯಾಲಯದ ಪದವಿಯಲ್ಲಿ ಮೊದಲಿಗರಾಗಿ ಬಂದಿದ್ದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೋನಿ) ಅವರ ಅರ್ಜಿಯನ್ನು ಹೆಣ್ಣೆಂಬ ಕಾರಣಕ್ಕೆ ತಿರಸ್ಕರಿಸಿದರು. ಆಕೆಯ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಕಲಿತವರು. ಆಕೆ ಬಿಡದೆ ಸತ್ಯಾಗ್ರಹ ಹೂಡಿದ ಮೇಲೆ, ಒಂದು ವರ್ಷ ಪರೀಕ್ಷಾರ್ಥವಾಗಿ, ಇತರರ ಗಮನ ಕೆಡಿಸಬಾರದೆಂಬಂಥ ಷರತ್ತುಗಳ ಮೇಲೆ ಪ್ರವೇಶ ಕೊಟ್ಟರು. ಅಲ್ಲಿನ ಅಧ್ಯಾಪಕರಾದ ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ದ್ವಿದಳ ಧಾನ್ಯಗಳ ಮತ್ತು ಹಾಲಿನ ಪ್ರೋಟೀನುಗಳ ಮೇಲೆ ಕೆಲಸ ಮಾಡಿದ ಆಕೆ ಕೇಂಬ್ರಿಜ್‌ನಲ್ಲಿ 1939ರಲ್ಲಿ ಡಾಕ್ಟರೇಟ್ ಪಡೆದರು. ಆಕೆಯ ಕೆಲಸವನ್ನು ಕಂಡ ಮೇಲೆ ರಾಮನ್ ಹೆಣ್ಣುಮಕ್ಕಳಿಗೆ ಸಂಸ್ಥೆಯ ಬಾಗಿಲು ತೆರೆದರು. 1940ರಲ್ಲಿ ಅನ್ನಾ ಮಣಿ ಒಳಬಂದದ್ದು ಆ ಬಾಗಿಲಿನಿಂದಲೇ. ರಾಮನ್ ಅವರ ಹಿರಿಮೆಯನ್ನು ಕುಗ್ಗಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಎರಡೂ ಸತ್ಯಗಳನ್ನು ಒಂದೇ ಪುಟದಲ್ಲಿ ಓದುವಷ್ಟು ಪ್ರಬುದ್ಧತೆ ಕನ್ನಡದ ಓದುಗರಿಗಿದೆ ಎಂಬುದು ನನ್ನ ನಂಬಿಕೆ.

ನಮ್ಮವರೇ ಆದ ರಾಜೇಶ್ವರಿ ಚಟರ್ಜಿ ಅವರ ಬಗ್ಗೆ ‘ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್’ ಎಂಬ ಒಂದು ಸಾಲಿಗಿಂತ ಹೆಚ್ಚು ಕನ್ನಡದ ಮಕ್ಕಳಿಗೆ ತಿಳಿದಿಲ್ಲವೆಂಬುದು ನನಗೆ ನೋವಿನ ಸಂಗತಿ. ಆಕೆಯ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಅಕ್ಷರ ಕಲಿತದ್ದು ಅಜ್ಜಿ ಸ್ಥಾಪಿಸಿದ ಶಾಲೆಯಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, 1943ರಲ್ಲಿ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗ ಸೇರಿದರು. 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರ ಮೊದಲು, ಇಪ್ಪತ್ತೈದರ ಪ್ರಾಯದಲ್ಲಿ ಹಡಗು ಹತ್ತಿ, ಒಂದು ತಿಂಗಳ ಪ್ರಯಾಣ ಮಾಡಿ ಅಮೆರಿಕ ತಲುಪಿ, ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು 1953ರಲ್ಲಿ ಹಿಂದಿರುಗಿದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾಗಿ, ಇಬ್ಬರೂ ಕೂಡಿ ಸೂಕ್ಷ್ಮತರಂಗ (ಮೈಕ್ರೋವೇವ್) ಮತ್ತು ಆ್ಯಂಟೆನಾ ಸಂಶೋಧನೆಯ ಪ್ರಯೋಗಾಲಯವನ್ನು ಕಟ್ಟಿದರು. ಇಪ್ಪತ್ತು ಮಂದಿ ರಾಜೇಶ್ವರಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದಿದ್ದಾರೆ. ಗಣಿತದಿಂದ ಎಂಜಿನಿಯರಿಂಗ್‌ಗೆ ದಾಟಿದ ಆ ಹೆಜ್ಜೆಯ ಹಿಂದೆ ಅಜ್ಜಿಯ ಶಾಲೆಯ ಪಾಲೆಷ್ಟು ಎಂದು ಹದಿನೇಳು ವರ್ಷದ ಓದುಗಿಯೊಬ್ಬಳು ಯೋಚಿಸುವಂತಾಗಬೇಡವೇ? ಅದಮಾರಿನ ಯು.ಆರ್. ರಾವ್ ಅವರ ವಿಷಯದಲ್ಲಿಯೂ ಹಾಗೆಯೇ. ಉಡುಪಿ, ಬಳ್ಳಾರಿ, ಅನಂತಪುರ, ಬನಾರಸ್ ಎಂದು ಓದುತ್ತ ಹೋಗಿ, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳ ಸಂಶೋಧಕರಾಗಿದ್ದವರು ನಡುವಯಸ್ಸಿನಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಉಪಗ್ರಹ ಕಟ್ಟಲು ನಿಂತ ತಿರುವನ್ನು ಬಿಟ್ಟು, ನಾವು ನೇರವಾಗಿ 1975ರ ಆರ್ಯಭಟಕ್ಕೆ ಹಾರುತ್ತೇವೆ.

ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಕಾರಣವೂ ಇದೆ. 1978ರಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಸಂಶೋಧನಾ ಸೀಟಿಗಾಗಿ ಸಂದರ್ಶನಕ್ಕೆ ಹೋದಾಗ, ಎದುರಿಗಿದ್ದ ಹಿರಿಯರೊಬ್ಬರು ಭೌತಶಾಸ್ತ್ರದ ಒಂದು ಪ್ರಶ್ನೆಯನ್ನೂ ಕೇಳದೆ, ‘ನಾಳೆ ಮದುವೆಯಾಗಿ ಹೋಗುವವರಿಗೆ ಸೀಟು ಕೊಟ್ಟು ಏನು ಪ್ರಯೋಜನ?’ ಎಂದರು. ನಾನು ಮತ್ತೆ ಅರ್ಜಿ ಹಾಕಲಿಲ್ಲ. ಅನ್ನಾ ಮಣಿ ಅವರು ಆ ವರ್ಷ ಅದೇ ಬೆಂಗಳೂರಿನಲ್ಲಿದ್ದರೆಂಬುದು ನನಗೆ ತಿಳಿದದ್ದು ಇಪ್ಪತ್ತು ವರ್ಷಗಳ ಬಳಿಕ. ಅವರ ಕಥೆ ಅಂದು ಯಾವುದಾದರೂ ಕನ್ನಡ ಪತ್ರಿಕೆಯಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದರೆ ಇನ್ನೊಂದು ಅರ್ಜಿಯನ್ನಂತೂ ಖಂಡಿತ ಹಾಕುತ್ತಿದ್ದೆ. ಕಲಿಸುವ ಕೆಲಸದಲ್ಲಿ ನನಗೆ ಪೂರ್ಣ ತೃಪ್ತಿ ಸಿಕ್ಕಿದೆ. ಆದರೂ ಆ ಅರ್ಜಿಯ ನೆನಪು ಹೋಗಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ವಿಜ್ಞಾನಿಯೊಬ್ಬರ ಪರಿಚಯ ಬರೆಸುವಾಗ, ಅವರ ಯಾವ ಅರ್ಜಿ ತಿರಸ್ಕೃತವಾಯಿತು, ಯಾವ ಪ್ರಯೋಗ ಕೈಕೊಟ್ಟಿತು, ಫೆಲೋಶಿಪ್ ಹಣ ತಡವಾದಾಗ ಮನೆ ನಡೆದದ್ದು ಹೇಗೆ, ಮಗು ಚಿಕ್ಕದಿದ್ದಾಗ ನೋಡಿಕೊಂಡವರು ಯಾರು, ವಿಷಯ ಬದಲಾದದ್ದು ಯಾವಾಗ ಎಂಬುದನ್ನು ದಯವಿಟ್ಟು ಕೇಳಿಸಿ. ಹೆಂಗಸರಿಗಷ್ಟೇ ಮಗುವಿನ ಪ್ರಶ್ನೆ ಕೇಳುವುದು ಬೇಡ, ಗಂಡಸರಿಗೂ ಕೇಳಿಸಿ. ಯಾರ ಖಾಸಗಿ ಬದುಕನ್ನೂ ಕೆದಕಬೇಕೆಂದು ನಾನು ಹೇಳುತ್ತಿಲ್ಲ. ಕಣ್ಣೀರು ತರಿಸಲು ಕಟ್ಟಿದ ಕಥೆಯೂ ಬೇಡ. ಅವರು ತಾವಾಗಿ ಹೇಳಲು ಒಪ್ಪಿದ, ದಾಖಲೆಯೊಂದಿಗೆ ತಾಳೆಯಾಗುವ ಸಂಗತಿ ಬಂದರೆ ಸಾಕು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಅವರ ಜೊತೆಗಾರರು ಕನ್ನಡದಲ್ಲಿ ವಿಜ್ಞಾನ ಮಾಸಪತ್ರಿಕೆ ಹೊರಡಿಸಿದ್ದ ನಾಡಿನಲ್ಲಿ ಇದನ್ನು ಬರೆಯಬಲ್ಲವರಿಗೆ ಕೊರತೆಯಿಲ್ಲ.

ಪ್ರಯೋಗಾಲಯದಲ್ಲಿ ದುಡಿದು ತೆರೆಮರೆಯಲ್ಲೇ ಉಳಿದವರನ್ನೂ ಮರೆಯಬೇಡಿ. ಗಾಜು ಊದಿ ನಳಿಕೆ ಮಾಡಿಕೊಟ್ಟವರು, ಲೇತಿನ ಮುಂದೆ ನಿಂತು ಉಪಕರಣದ ಭಾಗಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಕಡೆದವರು, ಪ್ರಬಂಧಗಳನ್ನು ಟೈಪ್ ಮಾಡಿದವರು ಇಲ್ಲದೆ ಯಾವ ಸಂಶೋಧನೆಯೂ ಆಗಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು 2019ರಲ್ಲಿ ಸಾರ್ವಜನಿಕ ದಾಖಲಾಗಾರವನ್ನು ತೆರೆದು, ವಿಜ್ಞಾನದ ಕೆಲಸದಲ್ಲಿದ್ದವರ ನೆನಪುಗಳು, ಪತ್ರಗಳು, ಟಿಪ್ಪಣಿ ಪುಸ್ತಕಗಳನ್ನು ಕಾಪಿಡುತ್ತಿದೆ. ಆ ಬಗೆಯ ಕೆಲಸ ಕನ್ನಡದಲ್ಲಿ, ಜಿಲ್ಲೆಗಳಲ್ಲಿ, ನಮ್ಮ ಹಳೆಯ ಕಾಲೇಜುಗಳಲ್ಲಿ ಆಗಬೇಕು, ಮತ್ತು ಪತ್ರಿಕೆಗಳು ಅದಕ್ಕೆ ಕೈಹಾಕಿದರೆ ಬೇಗ ಆಗುತ್ತದೆ.

ನಮ್ಮ ಬಡಾವಣೆಯಲ್ಲಿಯೇ, ಸಂಶೋಧನಾ ಸಂಸ್ಥೆಯೊಂದರ ಉಪಕರಣ ಕಾರ್ಯಾಗಾರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ, ನೆನಪು ಚುರುಕು. ತಾವು ಕೈಯಾರೆ ಮಾಡಿದ ಉಪಕರಣಗಳ ನಕ್ಷೆಗಳನ್ನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ತಮ್ಮ ವರದಿಗಾರರು ಬಂದರೆ ಮಾತನಾಡಲು ಒಪ್ಪಿದ್ದಾರೆ. ಬೆಳಗ್ಗೆ ಹತ್ತರ ಮೇಲೆ ಯಾವ ದಿನ ಬಂದರೂ ಸರಿ, ನಾನೇ ಅವರ ಮನೆಗೆ ಕರೆದುಕೊಂಡು ಹೋಗುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ