ಹತ್ತಿರ ಬಂದು ಕೂತವರಿಗೆ

ಹೋದ ಭಾನುವಾರ ಬೆಂಗಳೂರಿನಲ್ಲಿ ಫುಲ್ ಮ್ಯಾರಥಾನ್ ಓಡಿ ಮುಗಿಸಿದೆ. 42.195 ಕಿಲೋಮೀಟರ್. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ ತುಮಕೂರಿನಿಂದ ಹೊರಟು ಕ್ಯಾತ್ಸಂದ್ರ, ದಾಬಸ್‌ಪೇಟೆ ದಾಟಿ ಹೆಚ್ಚುಕಡಿಮೆ ನೆಲಮಂಗಲ ಮುಟ್ಟಿದ ಹಾಗೆ. 5 ಗಂಟೆ 52 ನಿಮಿಷ ಹಿಡಿಯಿತು.

ಅವತ್ತಿನಿಂದ ಫೋನ್ ನಿಂತಿಲ್ಲ. ಹೊಲಿದ ಬ್ಲೌಸ್ ತಗೊಂಡು ಹೋಗಲು ಅಂಗಡಿಗೆ ಬಂದವರೂ ಮೊದಲು ಮೆಡಲ್ ಎಲ್ಲಿ ತೋರಿಸು ಅಂತಾರೆ. ಎಲ್ಲರೂ ನನ್ನ ಛಲದ ಬಗ್ಗೆಯೇ ಮಾತಾಡುತ್ತಾರೆ. ಅದನ್ನು ಕೇಳಿಕೊಂಡು ಸುಮ್ನೆ ಇರಲು ನನ್ನಿಂದ ಆಗುತ್ತಿಲ್ಲ. ಈ ಓಟ ಯಾರ ಯಾರ ಕೈಯಿಂದ ಆಯಿತು ಅಂತ ನನಗೆ ಗೊತ್ತು. ಹೆಸರು ಹಾಕಬೇಡ ಅಂತ ಅವರಲ್ಲಿ ಸುಮಾರು ಜನ ಹೇಳಿದ್ದಾರೆ, ಹಾಕುವುದಿಲ್ಲ. ಆದರೆ ಓದಿದರೆ ಅವರಿಗೆ ತಾವೇ ಅಂತ ಗೊತ್ತಾಗುತ್ತದೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಹೋದ ವರ್ಷ ನನಗೆ ಬಂದಿದ್ದು ನ್ಯುಮೋನಿಯಾ ಅಲ್ಲ. ನಿಮ್ಮಲ್ಲಿ ತುಂಬಾ ಜನಕ್ಕೆ ಹಾಗಂತ ಹೇಳಿದ್ದೆ, ಕ್ಷಮಿಸಿ. ನನಗೆ ಬಂದಿದ್ದು ಟಿಬಿ. ಶ್ವಾಸಕೋಶದ ಕ್ಷಯ.

ಹೋದ ವರ್ಷವೇ ಫುಲ್ ಓಡಬೇಕು ಅಂತ ತಯಾರಿ ನಡೆದಿತ್ತು. ಅದಕ್ಕೆ ಮೊದಲು ಎರಡು ಹಾಫ್ ಮ್ಯಾರಥಾನ್ ಓಡಿದ್ದೆ. ಜುಲೈನಲ್ಲಿ ಕೆಮ್ಮು ಶುರುವಾಯಿತು. ನಂದು ಟೈಲರಿಂಗ್ ಕೆಲಸ, ದಿನವಿಡೀ ಬಟ್ಟೆ ಧೂಳು, ಓವರ್‌ಲಾಕ್ ಮೆಷಿನ್‌ನಿಂದ ಹಾರುವ ನೂಲಿನ ಚೂರು, ಅದಕ್ಕೇ ಕೆಮ್ಮು ಅಂದುಕೊಂಡೆ. ಒಂದು ಕಡೆ ತೋರಿಸಿದೆ, ಸಿರಪ್ ಕೊಟ್ಟರು. ಇನ್ನೊಂದು ಸಲ ಹೋದೆ, ಆಂಟಿಬಯೋಟಿಕ್ ಕೊಟ್ಟರು. ಕಫ ಪರೀಕ್ಷೆ ಮಾಡಿಸು ಅಂತ ಯಾರೂ ಹೇಳಲಿಲ್ಲ. ಸಂಜೆ ಆದರೆ ಮೈ ಬೆಚ್ಚಗಾಗುತ್ತಿತ್ತು. ರಾತ್ರಿ ಬೆವತು ದಿಂಬು ಒದ್ದೆ. ತೂಕ ಇಳಿಯುತ್ತಾ ಬಂತು, ಮದುವೆ ಮನೆಗಳಲ್ಲಿ ಸಿಕ್ಕವರೆಲ್ಲ “ಓಡಿ ಓಡಿ ಎಷ್ಟು ಸ್ಲಿಮ್ ಆಗಿದ್ದೀಯ, ನಮಗೂ ಹೇಳಿಕೊಡು” ಅನ್ನೋರು, ನಾನೂ ಖುಷಿಪಟ್ಟುಕೊಂಡು ಕನ್ನಡಿ ನೋಡಿಕೊಳ್ಳುತ್ತಿದ್ದೆ. ಈಗ ನೆನೆಸಿಕೊಂಡರೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. 52 ಕೆಜಿ ಇದ್ದವಳು 41ಕ್ಕೆ ಬಂದಿದ್ದೆ.

ಮೊದಲ ಥ್ಯಾಂಕ್ಸ್ ನಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ. ಅವಳು ಬಂದಿದ್ದು ಪಕ್ಕದ ಮನೆ ಮಗುವಿನ ಲಸಿಕೆ ವಿಚಾರಕ್ಕೆ. ನಾನು ಬಾಗಿಲಲ್ಲಿ ನಿಂತು ಕೆಮ್ಮಿದ್ದನ್ನು ಕೇಳಿ ಗೇಟು ತೆಗೆದು ಒಳಗೆ ಬಂದಳು. “ಎಷ್ಟು ದಿನದಿಂದ ಅಕ್ಕಾ?” ಅಂದಳು. ಎರಡು ತಿಂಗಳು ಅಂದೆ. “ಎರಡು ವಾರ ದಾಟಿದ್ರೇನೇ ಕಫ ಕೊಡಬೇಕು, ನೀವು ಎರಡು ತಿಂಗಳು ಅಂತೀರಲ್ಲ” ಅಂತ ಬೈದು, ಸಂಜೆಯೇ ಡಬ್ಬಿ ತಂದುಕೊಟ್ಟಳು. ಬೆಳಗ್ಗೆ ಎದ್ದ ತಕ್ಷಣ ಹೇಗೆ ಕಫ ತೆಗೆಯಬೇಕು, ಬರೀ ಎಂಜಲು ಕೊಟ್ಟರೆ ಆಗಲ್ಲ, ಎಲ್ಲ ಹೇಳಿದಳು. ತಾನೇ ಅದನ್ನು ಆಸ್ಪತ್ರೆಗೆ ಮುಟ್ಟಿಸಿದಳು. ಈಗಿನ ಮೆಷಿನ್ನು ರೋಗ ಇದೆಯಾ ಅಂತ ಮಾತ್ರ ಅಲ್ಲ, ರಿಫಾಂಪಿಸಿನ್ ಅನ್ನೋ ಮುಖ್ಯ ಔಷಧಿಗೆ ಅದು ಬಗ್ಗುತ್ತದಾ ಇಲ್ಲವಾ ಅಂತಲೂ ಹೇಳುತ್ತದೆ. ನನ್ನದು ಬಗ್ಗುವಂಥದ್ದು. ಆರು ತಿಂಗಳ ಔಷಧಿ, ಪೂರ್ತಿ ಉಚಿತ.

ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದ್ದು. ನನ್ನ ತೂಕಕ್ಕೆ ದಿನಾ ಮೂರು ಮಾತ್ರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಅಂತ ಅವಳು ಮೊದಲೇ ಹೇಳಿರದಿದ್ದರೆ ನಾನು ಅವತ್ತೇ ಮಾತ್ರೆ ಬಿಡುತ್ತಿದ್ದೆನೋ ಏನೋ. ಒಗ್ಗರಣೆ ವಾಸನೆ ಬಂದರೆ ವಾಂತಿ. ಕೀಲು ಕೀಲು ನೋವು. ಮೂರನೇ ವಾರ ಒಂದು ದಿನ ಸಾಕು ಅನಿಸಿ ಮಾತ್ರೆ ಪಟ್ಟಿಯನ್ನು ಮೆಷಿನ್ ಡ್ರಾಯರ್‌ನಲ್ಲಿ ಹಾಕಿಬಿಟ್ಟಿದ್ದೆ. ಅವಳಿಗೆ ಅದು ಹೇಗೆ ಗೊತ್ತಾಯಿತೋ, ಮಧ್ಯಾಹ್ನ ಬಂದು ಎದುರಿಗೆ ಕೂತು ನುಂಗಿಸಿಯೇ ಹೋದಳು. ಜಿಲ್ಲಾಸ್ಪತ್ರೆಯ ಕ್ಷಯ ವಿಭಾಗದ ಡಾಕ್ಟರ್‌ಗೂ, ಔಷಧಿ ಕೊಡುವ ಕಿಟಕಿಯಲ್ಲಿ ಪ್ರತಿ ಸಲ “ಊಟ ಮಾಡ್ತಿದ್ದೀರಾ?” ಅಂತ ಕೇಳುತ್ತಿದ್ದ ಅಣ್ಣನಿಗೂ ಋಣಿ. ಟಿಬಿ ರೋಗಿಗಳ ಊಟಕ್ಕೆ ಅಂತ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ದುಡ್ಡು ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಮಾಡಿದರು. ಅದನ್ನು ನಾನು ಬೇರೆ ಯಾವುದಕ್ಕೂ ಮುಟ್ಟಲಿಲ್ಲ. ಮೊಟ್ಟೆ, ಕಡಲೆಕಾಯಿ, ಹೆಸರುಕಾಳು, ಅಷ್ಟೇ.

ಸುದ್ದಿ ಹೇಗೋ ಕೆಲವರಿಗೆ ಗೊತ್ತಾಯಿತು. ಆಗ ಇದ್ದ ಬಾಡಿಗೆ ಮನೆಯವರು ತಿಂಗಳೊಳಗೆ ಖಾಲಿ ಮಾಡಿ ಅಂದರು. ಇಬ್ಬರು ಅಳತೆ ಬ್ಲೌಸ್ ಸಮೇತ ಬಟ್ಟೆ ವಾಪಸ್ ತಗೊಂಡು ಹೋದರು. ಹತ್ತಿರದ ಸಂಬಂಧಿಕರೊಬ್ಬರು ನೋಡಲು ಬಂದು ನೀರೂ ಕುಡಿಯದೆ ಎದ್ದುಹೋದರು. ಅವರ ಮೇಲೆ ಈಗ ಸಿಟ್ಟಿಲ್ಲ, ಆದರೆ ಮರೆತಿದ್ದೇನೆ ಅಂದರೆ ಸುಳ್ಳಾಗುತ್ತದೆ. ಟಿಬಿ ಹರಡುವುದು ಗಾಳಿಯಿಂದ, ರೋಗಿ ಕೆಮ್ಮಿದಾಗ. ತಟ್ಟೆ ಲೋಟದಿಂದ ಅಲ್ಲ, ಬಟ್ಟೆಯಿಂದ ಅಲ್ಲ, ಕೈ ಮುಟ್ಟಿದ್ದರಿಂದ ಅಲ್ಲ. ಸರಿಯಾದ ಔಷಧಿ ಶುರು ಮಾಡಿ ಕೆಲವು ವಾರ ಕಳೆದರೆ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದೂ ನಿಲ್ಲುತ್ತದೆ. ಅಷ್ಟು ದಿನ ಮಾಸ್ಕ್ ಹಾಕಿ, ಕಿಟಕಿ ತೆಗೆದಿಟ್ಟುಕೊಂಡು ನಾನು ಬೇರೆ ರೂಮಿನಲ್ಲೇ ಇದ್ದೆ. ಆಮೇಲೂ ಜನ ಬರಲಿಲ್ಲ. ಕಾಯಿಲೆಗಿಂತ ಜಾಸ್ತಿ ನೋವು ಕೊಟ್ಟಿದ್ದು ಅದು.

ಆಗ ಬಂದಿದ್ದು ಅಜ್ಜಿ. ಮನೆ ಬದಲಾಯಿಸಿದ ಮೇಲೆ ಪಕ್ಕದಲ್ಲಿ ಸಿಕ್ಕವರು, ನಮಗೆ ರಕ್ತಸಂಬಂಧ ಏನೂ ಇಲ್ಲ. ಮೂರನೇ ದಿನ ಎರಡು ಲೋಟದಲ್ಲಿ ರಾಗಿ ಗಂಜಿ ಹಿಡಿದು ಬಂದರು. ಒಂದು ನನಗೆ, ಒಂದು ಅವರಿಗೆ. ನನ್ನ ಚಾಪೆ ಮೇಲೇ ಕೂತರು. ನಾನು ಹಿಂದೆ ಸರಿದು, “ಅಜ್ಜಿ, ನನಗೆ ಟಿಬಿ” ಅಂದೆ. “ಗೊತ್ತು ಕಣಮ್ಮ, ಕುಡಿ” ಅಂದರು. ಆಮೇಲೊಂದು ದಿನ ಹೇಳಿದರು. ಅವರು ಚಿಕ್ಕವರಿದ್ದಾಗ ಅವರ ಅಕ್ಕನಿಗೆ ಕ್ಷಯ ಬಂದು ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂಗೆ ಸೇರಿಸಿದ್ದರಂತೆ. ಮನೆಯಿಂದ ಯಾರೂ ನೋಡಲು ಹೋಗಲಿಲ್ಲವಂತೆ. “ನಾನು ಹೋಗ್ತೀನಿ ಅಂತ ಅತ್ತೆ, ಬಿಡಲಿಲ್ಲ ಕಣಮ್ಮ. ಅವಳು ದಾರಿ ನೋಡ್ಕೊಂಡೇ ಹೋದ್ಲು” ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವತ್ತಿನಿಂದ ಆರು ತಿಂಗಳು ಅಜ್ಜಿ ಒಂದು ದಿನವೂ ತಪ್ಪಿಸಲಿಲ್ಲ. ಅಜ್ಜಿ, ನಿಮ್ಮ ಮೊಮ್ಮಗಳು ಇದನ್ನು ನಿಮಗೆ ಓದಿ ಹೇಳುತ್ತಾಳೆ ಅಂತ ಗೊತ್ತು. ನೀವು ನನ್ನ ಪಕ್ಕ ಕೂತಿದ್ದನ್ನು ನಾನು ಸಾಯುವ ತನಕ ಮರೆಯಲ್ಲ.

ರಿಟೈರ್ಡ್ ಟೀಚರಮ್ಮ ಒಬ್ಬರಿದ್ದಾರೆ. ಮಗಳ ಮದುವೆಯ ಹನ್ನೊಂದು ಬ್ಲೌಸ್ ಪೀಸ್ ತಂದು ನನ್ನ ಮಡಿಲಿಗೇ ಹಾಕಿದರು. “ಇನ್ನೂ ನಾಲ್ಕು ತಿಂಗಳಿದೆ, ನಿಧಾನಕ್ಕೆ ಹೊಲಿ. ಬೇರೆಯವರಿಗೆ ಕೊಡಲ್ಲ” ಅಂದರು. ಮುಂಗಡ ಪೂರ್ತಿ ಕೊಟ್ಟರು. ಆ ಹನ್ನೊಂದು ಬ್ಲೌಸ್ ಇಲ್ಲದಿದ್ದರೆ ಅಂಗಡಿ ಬಾಗಿಲು ಹಾಕಬೇಕಿತ್ತು.

ನಮ್ಮ ಮಗನಿಗೂ ಪರೀಕ್ಷೆ ಮಾಡಿಸಿ, ರೋಗ ಬರದ ಹಾಗೆ ಮುಂಜಾಗ್ರತೆ ಮಾತ್ರೆ ಕೊಟ್ಟರು. ಒಂಬತ್ತು ವರ್ಷದ ಹುಡುಗ. “ಅಮ್ಮ, ನಿಂದು ಆಯ್ತಾ? ನಂದು ಆಯ್ತು” ಅಂತ ದಿನಾ ಕೇಳುತ್ತಿದ್ದ.

ಜನವರಿಯಲ್ಲಿ ಮತ್ತೆ ಅಮಾನಿಕೆರೆಗೆ ಹೋದೆ. ಓಡಲು ಅಲ್ಲ, ನಡೆಯಲು. ಮೊದಲ ದಿನ ನಾಲ್ಕು ಲೈಟ್ ಕಂಬದಷ್ಟು ದೂರ ನಡೆದು ಬೆಂಚಿನ ಮೇಲೆ ಕೂತು ಅತ್ತೆ. ಅಲ್ಲಿ ಜೊತೆಗೆ ಓಡುವ ನಮ್ಮ ಅಮಾನಿಕೆರೆ ಬಳಗದವರಿಗೆ ಇಲ್ಲಿ ಕೈ ಮುಗಿಯಬೇಕು. ಅವರಿಗೆ ವಿಷಯ ಹೇಳಿದೆ. ಒಬ್ಬರೂ ದೂರ ಸರಿಯಲಿಲ್ಲ. ಬ್ಯಾಂಕಿನಿಂದ ರಿಟೈರ್ ಆದ ಅಂಕಲ್, ನಮ್ಮಲ್ಲೆಲ್ಲ ಜೋರಾಗಿ ಓಡುವವರು, ತಮ್ಮ ಪ್ರಾಕ್ಟೀಸ್ ಬಿಟ್ಟು ಎರಡು ತಿಂಗಳು ನನ್ನ ಜೊತೆ ನಡೆದರು. ದಿನಾ “ಇವತ್ತು ಎಷ್ಟು ಕಂಬಮ್ಮ?” ಅಂತ ಕೇಳುವುದು. ಹತ್ತು ಅಂದರೆ ಹತ್ತೇ. ಹನ್ನೊಂದನೆಯದಕ್ಕೆ ಬಿಡುತ್ತಿರಲಿಲ್ಲ. ಶಿವರಾತ್ರಿ ಆದ ಮೇಲೆ ಸಿದ್ಧಗಂಗೆ ಬೆಟ್ಟದ ಮೆಟ್ಟಿಲು ನಿಲ್ಲದೆ ಹತ್ತಿದೆ. ಮೇಲೆ ನಿಂತು ಉಸಿರು ಎಳೆದುಕೊಂಡಾಗ ಎದೆ ತುಂಬಿತು, ಅಂದರೆ ನಿಜವಾಗಿಯೂ ಗಾಳಿ ತುಂಬಿತು. ಆ ಸುಖ ಏನು ಅಂತ ಅದನ್ನು ಕಳೆದುಕೊಂಡವರಿಗೆ ಗೊತ್ತು.

ಮಾರ್ಚ್ 24 ವಿಶ್ವ ಕ್ಷಯ ದಿನ. ಅದೇ ವಾರ ನನ್ನ ಕೊನೆಯ ಮಾತ್ರೆ ಮುಗಿಯಿತು. ಕಫದಲ್ಲಿ ರೋಗ ಇಲ್ಲ ಅಂತ ಬಂತು. ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಒಂದು ಕಲೆ ಉಳಿದಿದೆ. ಅದು ಹೋಗಲ್ಲ ಅಂದರು ಡಾಕ್ಟರ್. ಮ್ಯಾರಥಾನ್ ಅಂದಾಗ ಅವರು ತಕ್ಷಣ ಹೂಂ ಅನ್ನಲಿಲ್ಲ. ಉಸಿರಾಟದ ಪರೀಕ್ಷೆ ಮಾಡಿಸಿದರು. 48 ಕೆಜಿಗಿಂತ ಕೆಳಗೆ ಹೋದರೆ ಓಟ ಬಂದ್, ಓಡುವಾಗ ಮಾತಾಡಲು ಆಗುವಷ್ಟೇ ವೇಗ, ಜ್ವರವೋ ಕೆಮ್ಮೋ ಕಂಡರೆ ಅವತ್ತೇ ಬರಬೇಕು. ಇಷ್ಟಕ್ಕೂ ಒಪ್ಪಿ ಓಡಿದೆ. ದಯವಿಟ್ಟು ನನ್ನನ್ನು ನೋಡಿ ಯಾರೂ ಡಾಕ್ಟರ್‌ನ ಕೇಳದೆ ಹೊರಡಬೇಡಿ. ನಾನು ಮೊದಲೇ ಓಡುತ್ತಿದ್ದವಳು, ಆದರೂ ಏಪ್ರಿಲ್ ಪೂರ್ತಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಇಷ್ಟೇ ನಡೆದಿದ್ದು.

ಇನ್ನು ನಮ್ಮ ಮನೆಯವರು. ಆಟೋ ಓಡಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದವರು ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಆಟೋ ಸ್ಟಾರ್ಟ್ ಮಾಡುತ್ತಿದ್ದರು. ದೇವರಾಯನದುರ್ಗದ ಕಡೆ, ಊರ್ಡಿಗೆರೆ ರಸ್ತೆಯಲ್ಲಿ ನಾನು ಮುಂದೆ, ಆಟೋ ಹಿಂದೆ. ಚಿರತೆ ಓಡಾಡುವ ಕಾಡು ಅದು, ಒಬ್ಬಳೇ ಹೋಗುವ ಹಾಗಿಲ್ಲ. ಆ ಹೆಡ್‌ಲೈಟ್ ಬೆಳಕಿನಲ್ಲಿ ನನ್ನ ನೆರಳು ನನ್ನ ಮುಂದೆಯೇ ಓಡುತ್ತಿತ್ತು. ನಾಮದ ಚಿಲುಮೆ ಹತ್ತಿರ ಬೆಳಕು ಹರಿಯುತ್ತಿತ್ತು, ಅಲ್ಲಿ ನಿಂತು ಫ್ಲಾಸ್ಕ್‌ನಿಂದ ಗಂಜಿ ಬಗ್ಗಿಸಿ ಕೊಡುತ್ತಿದ್ದರು. ಆಗಸ್ಟ್‌ನಲ್ಲಿ 30 ಕಿಲೋಮೀಟರ್ ಮುಗಿಸಿದ ದಿನ ಅವರು ಏನೂ ಮಾತಾಡಲಿಲ್ಲ, ಸುಮ್ನೆ ಕೂತು ನನ್ನ ಶೂ ಲೇಸ್ ಬಿಚ್ಚಿದರು. ಓಟದ ಪ್ಯಾಂಟಿಗೆ ನಾನೇ ನಾಲ್ಕು ಜೇಬು ಹೊಲಿದುಕೊಂಡಿದ್ದೆ. ಅದರಲ್ಲಿ ಖರ್ಜೂರ, ಕಡಲೆಮಿಠಾಯಿ, ಉಪ್ಪಿನ ಪುಟ್ಟ ಪೊಟ್ಟಣ. ತುಂಬಿಸಿ ಕೊಡುವುದು ಮಗನ ಕೆಲಸ.

ಓಟದ ದಿನದ ಬಗ್ಗೆ ಜಾಸ್ತಿ ಬರೆಯಲ್ಲ. ಕತ್ತಲಲ್ಲಿ ಹೊರಟಿದ್ದು, 30 ದಾಟುವ ತನಕ ಚೆನ್ನಾಗಿಯೇ ಇತ್ತು. ಆಮೇಲೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗುತ್ತದೆ, ಕಾಲು ಕಲ್ಲಾಗುತ್ತದೆ, ಫುಲ್ ಓಡಿದವರಿಗೆಲ್ಲ ಗೊತ್ತಿರುವ ಜಾಗ ಅದು. ಅದಕ್ಕೆ ತಯಾರಿದ್ದೆ. ತಯಾರಿಲ್ಲದೆ ಇದ್ದಿದ್ದು ಕೆಮ್ಮಿಗೆ. 34ನೇ ಕಿಲೋಮೀಟರ್ ಹತ್ತಿರ ನೀರು ನೆತ್ತಿಗೆ ಹತ್ತಿ ಕೆಮ್ಮು ಬಂತು, ನಿಲ್ಲಲೇ ಇಲ್ಲ. ಬರೀ ನೀರು ಅಂತ ನನಗೆ ಗೊತ್ತು. ಆದರೂ ಹೋದ ವರ್ಷದ್ದೆಲ್ಲ ಒಂದೇ ಸಲ ವಾಪಸ್ ಬಂತು. ಜನರ ಮಧ್ಯೆ ಕೆಮ್ಮುತ್ತಿದ್ದೀನಲ್ಲಾ ಅಂತ ರಸ್ತೆ ಪಕ್ಕಕ್ಕೆ ಓಡಿ, ಮರದ ಕಡೆ ಮುಖ ತಿರುಗಿಸಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತುಬಿಟ್ಟೆ. ಯಾರೂ ಹತ್ತಿರ ಬರದಿದ್ದರೆ ಸಾಕು ಅನಿಸಿತು. ನೀರು ಕೊಡುತ್ತಿದ್ದ ವಾಲಂಟಿಯರ್ ಹುಡುಗ, ಕಾಲೇಜಿನವನು ಇರಬೇಕು, ಓಡಿ ಬಂದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಬೆನ್ನು ತಟ್ಟಿದ. “ಪರವಾಗಿಲ್ಲ ಅಕ್ಕಾ, ಕೆಮ್ಮಿ, ಪೂರ್ತಿ ಕೆಮ್ಮಿಬಿಡಿ” ಅಂದ. ಅವನಿಗೆ ನನ್ನ ಕಥೆ ಏನು ಗೊತ್ತು? ಏನೂ ಗೊತ್ತಿಲ್ಲ. ಕೆಮ್ಮು ನಿಂತ ಮೇಲೆ ಕೈ ಹಿಡಿದು ಎಬ್ಬಿಸಿ, ಹತ್ತು ಹೆಜ್ಜೆ ಜೊತೆಗೆ ನಡೆದು ಬಿಟ್ಟುಹೋದ. ಉಳಿದ ಎಂಟು ಕಿಲೋಮೀಟರ್ ಅಳುತ್ತಲೇ ಓಡಿದೆ, ನೋವಿಗೆ ಅಲ್ಲ. ತಮ್ಮಾ, ನಿನ್ನ ಹೆಸರೂ ಕೇಳಲಿಲ್ಲ. ಎಲ್ಲಿದ್ದರೂ ಚೆನ್ನಾಗಿರಪ್ಪ.

ಆಚೆ ಕಡೆ ಮಗ ಕಾಯುತ್ತಿದ್ದ. “ಅಮ್ಮ, ಆಯ್ತಾ?” ಅಂದ. ಆಯ್ತು ಅಂದೆ.

ಬರುವ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಮನೆಯಲ್ಲಿ ಊಟ. ಮುದ್ದೆ, ಹುರುಳಿಕಾಳು ಬಸ್ಸಾರು, ಒಬ್ಬಟ್ಟು. ಆಶಾ ತಂಗಿ, ಟೀಚರಮ್ಮ, ಅಮಾನಿಕೆರೆ ಬಳಗ, ಎಲ್ಲರೂ ಬರಲೇಬೇಕು. ಹೋದ ವರ್ಷ ಗೇಟಿನ ಆಚೆಯಿಂದಲೇ ಮಾತಾಡಿಸಿ ಹೋದವರೂ ಬನ್ನಿ, ಈ ಮಾತನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ಟೇಬಲ್ ಕುರ್ಚಿ ಇಲ್ಲ, ನೆಲದ ಮೇಲೆ ಸಾಲಾಗಿ ಚಾಪೆ ಹಾಸುತ್ತೇವೆ. ಮನೆ ಚಿಕ್ಕದು, ಒತ್ತಿಕೊಂಡು ಕೂರಬೇಕಾಗುತ್ತದೆ. ನನ್ನ ಪಕ್ಕದ ಜಾಗ ಮಾತ್ರ ಅಜ್ಜಿಗೆ.