ಡನೀಡಿನ್‌ನಿಂದ ಪುಟ್ಟಿಗೆ ಇಳಿಜಾರಿನ ಲೆಕ್ಕ

ಡನೀಡಿನ್, ನ್ಯೂಜಿಲೆಂಡ್

ಚಿ. ಪುಟ್ಟಿಗೆ ಅಣ್ಣನ ಆಶೀರ್ವಾದಗಳು. ನಾನು ಕ್ಷೇಮ. ಮನೆಯ ಕಡೆಯ ಕ್ಷೇಮಸಮಾಚಾರಕ್ಕೆ ಬರೆಯುತ್ತಿರು.

ಪಿಯುಸಿಯ ಸರಳರೇಖೆ ಪಾಠದಲ್ಲಿ ನೀನು ಮುನಿಸಿಕೊಂಡು ಕುಳಿತಿದ್ದೀಯೆಂದು ಅಪ್ಪ ಫೋನಿನಲ್ಲಿ ಹೇಳಿದರು. ರೇಖೆಯ ಮೇಲೆ ಯಾವ ಎರಡು ಬಿಂದು ಹಿಡಿದರೂ ಇಳಿಜಾರು ಒಂದೇ ಹೇಗೆ ಎಂದು ಕೇಳಿದೆಯಂತೆ. ಒಳ್ಳೆಯ ಪ್ರಶ್ನೆ. ಎಲ್ಲಿ ಅಳೆಯಬೇಕೆಂಬ ಜಗಳದಲ್ಲಿ ಈ ಊರು ಒಂದು ಗಿನ್ನೆಸ್ ದಾಖಲೆಯನ್ನೇ ಕಳೆದುಕೊಂಡು, ಮತ್ತೆ ಪಡೆದಿದೆ.

ಇಲ್ಲಿನ ಬಾಲ್ಡ್ವಿನ್ ಬೀದಿ ಜಗತ್ತಿನ ಅತಿ ಕಡಿದಾದ ಬೀದಿ. ಡಾಂಬರು ಬಿಸಿಲಿಗೆ ಮೆತ್ತಗಾಗಿ ಕೆಳಗೆ ಹರಿದೀತೆಂದು ಮೇಲಿನ ಭಾಗಕ್ಕೆ ಕಾಂಕ್ರೀಟ್ ಹಾಕಿದ್ದಾರೆ. ಬೀದಿಯ ಉದ್ದ ಸುಮಾರು 350 ಮೀಟರ್. ಬುಡ ಸಮುದ್ರಮಟ್ಟದಿಂದ 30 ಮೀಟರ್ ಮೇಲಿದ್ದರೆ, ತುದಿ 100 ಮೀಟರ್. ಏರಿದ್ದನ್ನು ಸಾಗಿದ್ದರಿಂದ ಭಾಗಿಸಿದರೆ ಸಿಗುವುದೇ ಇಳಿಜಾರು: 70/350, ಅಂದರೆ ಸುಮಾರು 0.2. ಮೇಲಿನ ಕಡಿದಾದ ಭಾಗವನ್ನಷ್ಟೇ ತೆಗೆದುಕೊಂಡರೆ 161.2 ಮೀಟರಿಗೆ 47.22 ಮೀಟರ್ ಏರು, ಸುಮಾರು 0.29. ಅತ್ಯಂತ ಕಡಿದಾದ ಜಾಗದಲ್ಲಿ 2.86 ಮೀಟರಿಗೆ ಒಂದು ಮೀಟರ್, ಅಂದರೆ 0.35.

ಬೀದಿ ಒಂದೇ, ಉತ್ತರ ಮೂರು! ಅದು ಒಂದೇ ಸಮನೆ ಏರುವುದಿಲ್ಲವಲ್ಲ. ಸರಳರೇಖೆಗೆ ಈ ಚಂಚಲತೆ ಇಲ್ಲ. ಅದರ ಮೇಲೆ ಚಿಕ್ಕದೋ ದೊಡ್ಡದೋ ಲಂಬಕೋನ ತ್ರಿಭುಜ ಎಳೆ. ಎಲ್ಲವೂ ಸಮರೂಪ, ಬಾಹುಗಳ ಅನುಪಾತ ಬದಲಾಗದು. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ.

2019ರಲ್ಲಿ ವೇಲ್ಸ್‌ನ ಹಾರ್ಲೆಕ್ ಪಟ್ಟಣದ ಬೀದಿಯೊಂದು ದಾಖಲೆಯನ್ನು ಕಿತ್ತುಕೊಂಡಿತು. ಆದರೆ ಆ ಬೀದಿಗೆ ತಿರುವುಗಳಿವೆ. ತಿರುವಿನ ಒಳಅಂಚಿನಲ್ಲಿ ಅಳೆದರೆ ಏರು ಅಷ್ಟೇ, ಸಾಗಿದ ದೂರ ಮಾತ್ರ ಕಡಿಮೆ. ಛೇದ ಕುಗ್ಗಿದರೆ ಇಳಿಜಾರು ಹಿಗ್ಗುತ್ತದೆ. ಬೀದಿಯ ನಡುಗೆರೆಯಲ್ಲೇ ಅಳೆಯಬೇಕೆಂದು 2020ರಲ್ಲಿ ತೀರ್ಮಾನವಾದಾಗ ಹಾರ್ಲೆಕ್‌ನದು ಶೇ. 28.6ಕ್ಕೆ ಇಳಿಯಿತು, ನಮ್ಮದು ಶೇ. 34.8ರಲ್ಲೇ ನಿಂತಿತು. (ನೋಡು, ‘ನಮ್ಮದು’ ಎಂದುಬಿಟ್ಟೆ!) ಶೇ. 35 ಎಂದರೆ 35 ಡಿಗ್ರಿ ಎಂದುಕೊಳ್ಳಬೇಡ, ಬರೀ 19 ಡಿಗ್ರಿಯ ಆಸುಪಾಸು. 45 ಡಿಗ್ರಿಯಲ್ಲಿ ಏರಿದ್ದೂ ಅಡ್ಡಕ್ಕೆ ಸಾಗಿದ್ದೂ ಸಮ, ಆದ್ದರಿಂದ ಅದು ಶೇ. 100.

ಇನ್ನು ಚಿಹ್ನೆಯ ವಿಷಯ. (2, 3), (6, 11) ಬಿಂದುಗಳಿಗೆ (11-3)/(6-2) = 8/4, ಅಂದರೆ 2. ತಿರುಗಿಸಿ ಕಳೆದರೂ -8/-4, ಮತ್ತೆ 2. ಮೇಲೆ ಒಂದು ಕ್ರಮ, ಕೆಳಗೆ ಇನ್ನೊಂದು ಕ್ರಮ ಮಾಡಿದರೆ ಮಾತ್ರ -2 ಬಂದು ಅಂಕ ಹೋಗುತ್ತದೆ.

ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲುಹಳಿಯ ಏರು 50ಕ್ಕೆ 1, ಬರೀ 0.02. ಅಷ್ಟಕ್ಕೇ ರೈಲಿಗೆ ಹೆಚ್ಚುವರಿ ಎಂಜಿನ್ ಬೇಕು. ಇಲ್ಲಿನ ಕಡಿದಾದ ಜಾಗ ಅದರ ಹದಿನೇಳೂವರೆ ಪಟ್ಟು!

ಲಂಬರೇಖೆಗೆ ಇಳಿಜಾರು ಏಕೆ ಹೇಳಲಾಗದು ಎಂಬುದನ್ನು ನೀನೇ ಬರೆದು ಕಳುಹಿಸು. ಅಮ್ಮನಿಗೆ ಹೇಳು, ಬಾಲ್ಡ್ವಿನ್ ಬೀದಿಯ ಪಕ್ಕದಲ್ಲಿ ಮೆಟ್ಟಿಲುಗಳಿವೆ, ಮೊಣಕಾಲಿಗೆ ಹೆದರಬೇಕಿಲ್ಲ. ಆದರೂ ಮೊದಲು ಅಪ್ಪ ಹತ್ತಿ ನೋಡಲಿ.

ನಿನ್ನ ಪ್ರೀತಿಯ ಅಣ್ಣ